ಸೊನ್ನೆಯಕ್ಕ ಮತ್ತು ನಾಲ್ಕು ಖಾಲಿ ಚೌಕ

ಅವಳ ಮೇಜಿನ ಮೇಲೆ ಒಂದು ಫೋನು, ಒಂದು ಕೆಂಪು ಪೆನ್ಸಿಲ್ಲು, ಒಂದು ಉದ್ದನೆಯ ಮರದ ಅಡಿಕೋಲು. ಇಪ್ಪತ್ತೆರಡು ವರ್ಷ ಅಂಕಿಯ ಸಾಲುಗಳ ಮೇಲೆ ಜಾರಿ ಜಾರಿ ಅಡಿಕೋಲಿನ ಅಂಚು ದೋಣಿಯ ತಳದಂತೆ ನುಣುಪಾಗಿದೆ. ಕಂಪ್ಯೂಟರ್ ಬಂದ ಮೇಲೂ ಅವಳು ಅದನ್ನು ಬಿಟ್ಟಿಲ್ಲ. ಪರದೆಯ ಮೇಲೆ ಕಣ್ಣು ಸಾಲು ತಪ್ಪುತ್ತದೆ, ಕಾಗದದ ಮೇಲೆ ಅಡಿಕೋಲು ತಪ್ಪಲು ಬಿಡುವುದಿಲ್ಲ ಎಂಬುದು ಅವಳ ನಂಬಿಕೆ.

ರಾಜ್ಯದ ಅಪರಾಧ ಮತ್ತು ನ್ಯಾಯದ ಅಂಕಿಅಂಶಗಳನ್ನು ಒಟ್ಟುಗೂಡಿಸುವ ಕಚೇರಿ ಎಂದರೆ ಕೇಳುವುದಕ್ಕೆ ದೊಡ್ಡದಾಗಿದೆ. ಇರುವುದು ಒಂದೇ ಕೋಣೆ, ಹಳೆಯ ದಾಖಲೆಗಳ ಕಟ್ಟಡದ ಹಿಂಭಾಗದಲ್ಲಿ, ನ್ಯಾಯಾಲಯದ ಅಂಗಳಕ್ಕೆ ಮುಖ ಮಾಡಿದ ಒಂದು ಕಿಟಕಿಯೊಂದಿಗೆ. ಕೋಣೆಯಲ್ಲಿ ಮೂವರು. ಒಬ್ಬರು ನಿರ್ದೇಶಕರು, ಸದಾ ಕನ್ನಡಕ ಹುಡುಕುವವರು. ಇನ್ನೊಬ್ಬಳು ಅಂಕಿಗಳನ್ನು ಕಂಪ್ಯೂಟರಿಗೆ ತುಂಬುವ, ಕಿವಿಗೆ ಸದಾ ಹಾಡು ಸಿಕ್ಕಿಸಿಕೊಂಡಿರುವ ಹುಡುಗಿ. ಮೂರನೆಯವಳೇ ಈ ಕಥೆಯವಳು. ರಾಜ್ಯದ ಇನ್ನೂರು ಪೊಲೀಸ್ ಠಾಣೆಗಳಲ್ಲಿ ಅವಳ ಹೆಸರು ಬಲ್ಲವರು ಕಡಿಮೆ. ಆದರೆ 'ಸೊನ್ನೆಯಕ್ಕ' ಎಂದರೆ ಎಲ್ಲರಿಗೂ ಗೊತ್ತು.

ಆ ಹೆಸರು ಬಂದದ್ದು ಅವಳ ಫೋನಿನಿಂದ. ಪ್ರತಿ ತಿಂಗಳು ಪ್ರತಿ ಠಾಣೆಯಿಂದಲೂ ಒಂದು ನಮೂನೆ ಬರುತ್ತದೆ. ಅದರಲ್ಲಿ ಕಳ್ಳತನ, ಹೊಡೆದಾಟ, ವಾಹನ ಅಪಘಾತ, ಮನೆಯೊಳಗಿನ ಹಿಂಸೆ ಎಂದು ಮೂವತ್ತೊಂದು ಚೌಕ. ಕೆಲವು ಚೌಕಗಳಲ್ಲಿ ಅಂಕಿ ಇರುತ್ತದೆ, ಕೆಲವು ಬರಿದಾಗಿರುತ್ತವೆ. ಬರಿದಾದ ಚೌಕದ ಮೂಲೆಯಲ್ಲಿ ಅವಳು ಕೆಂಪು ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಾಳೆ. ಆಮೇಲೆ ಫೋನು ಎತ್ತಿ ಕೇಳುತ್ತಾಳೆ: "ಸೊನ್ನೆನೋ, ಖಾಲಿನೋ?"

ಆ ಕಡೆಯವರು ಹೊಸಬರಾದರೆ ಎರಡೂ ಒಂದೇ ಅಲ್ಲವೇ ಎನ್ನುತ್ತಾರೆ. ಒಂದೇ ಅಲ್ಲ ಎಂದು ಅವಳು ವಿವರಿಸುತ್ತಾಳೆ. ಸೊನ್ನೆ ಎಂದರೆ ನೋಡಿದೆವು, ಏನೂ ಇರಲಿಲ್ಲ. ಖಾಲಿ ಎಂದರೆ ನಾವು ನೋಡಲೇ ಇಲ್ಲ. ಹೇಳಿ ಹೇಳಿ ಅವಳ ಬಾಯಿಗೆ ಈ ಮಾತು ಕಂಠಪಾಠ. ಮನೆಯೊಳಗಿನ ಹಿಂಸೆಯ ಚೌಕಕ್ಕಂತೂ ಇನ್ನೂ ಬಿಗಿ. ಅಲ್ಲಿ ಸೊನ್ನೆ ಬರೆದು ಕಳಿಸಿದವರಿಗೂ ಅವಳ ಫೋನು ತಪ್ಪಿದ್ದಲ್ಲ. ಉತ್ತರ ಬಂದ ದಿನ, ಹೇಳಿದವರು ಯಾರು, ಏನೆಂದರು ಎಲ್ಲವೂ ಒಂದು ದಪ್ಪ ರಟ್ಟಿನ ಪುಸ್ತಕದಲ್ಲಿ ದಾಖಲಾಗುತ್ತದೆ. ಅಂಥ ಹನ್ನೊಂದು ಪುಸ್ತಕಗಳು ಕಪಾಟಿನಲ್ಲಿವೆ.

ಈ ಹಠ ಹುಟ್ಟಿನಿಂದ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಅವಳೇ ಒಂದು ತಪ್ಪು ಮಾಡಿದ್ದಳು. ಆಗಿನ ಮೇಲಧಿಕಾರಿಗೆ ಅಚ್ಚಾದ ಪುಟ ಚೆಂದ ಕಾಣಬೇಕಿತ್ತು, ನಡುನಡುವೆ ಬಿಳಿ ಕಿಂಡಿಗಳು ಕಾಣಬಾರದಿತ್ತು. ಒಂದು ಸಂತೆ ಊರಿನ ಠಾಣೆಯಿಂದ ಮನೆಯೊಳಗಿನ ಹಿಂಸೆಯ ಹನ್ನೆರಡು ತಿಂಗಳ ಚೌಕ ಖಾಲಿ ಬಂದಾಗ ಅವಳು ಒಂದೇ ಮಧ್ಯಾಹ್ನದಲ್ಲಿ ಹನ್ನೆರಡು ಸೊನ್ನೆ ಸುತ್ತಿಬಿಟ್ಟಳು. ದುಂಡಗಿನ, ಮುದ್ದಾದ ಸೊನ್ನೆಗಳು. ವರದಿ ಅಚ್ಚಾಯಿತು. ವರ್ಷ ತುಂಬುವ ಮೊದಲು ಆ ಠಾಣೆಯಿಂದ ಒಬ್ಬ ಪೇದೆ ಫೋನು ಮಾಡಿದ. ಅಲ್ಲಿ ಹೆಂಗಸರ ಅಹವಾಲು ಕೇಳಲೆಂದು ಒಂದು ಮೇಜು, ಒಬ್ಬ ಮಹಿಳಾ ಪೇದೆ ಇದ್ದರಂತೆ. ವರ್ಷವಿಡೀ ಯಾರೂ ಬಂದಿಲ್ಲ ಎಂದು ವರದಿ ಹೇಳಿದ್ದರಿಂದ ಮೇಜನ್ನೂ ಆಕೆಯನ್ನೂ ಬೇರೆ ಊರಿಗೆ ಕಳಿಸಿದರಂತೆ. ನಿಜವಾಗಿ ನಡೆದದ್ದು ಇಷ್ಟೇ: ನಮೂನೆ ತುಂಬುವ ಗುಮಾಸ್ತ ಕಾಲು ಮುರಿದುಕೊಂಡು ಮಲಗಿದ್ದ, ಅವನ ಬದಲಿಗೆ ಬಂದವನಿಗೆ ಆ ಚೌಕ ಏನೆಂದೇ ತಿಳಿದಿರಲಿಲ್ಲ. ಆ ಮೇಜು ವಾಪಸು ಬರಲು ಎರಡು ವರ್ಷ ಹಿಡಿಯಿತು.

ಪೇದೆ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅಂದೇ ಮರೆತುಬಿಡುತ್ತಿದ್ದಳೇನೋ. ಆ ವರ್ಷದ ವರದಿ ಈಗಲೂ ಅವಳ ಮೇಜಿನ ಕೆಳಗಿನ ಖಾನೆಯಲ್ಲಿದೆ, ಊಟದ ಡಬ್ಬಿಯ ಪಕ್ಕದಲ್ಲಿ.

ಮನೆಯಲ್ಲಿ ಅವಳಿಗೆ ಸಿಗುವ ಸ್ವಾಗತವೂ ಅಂಕಿಯಿಂದಲೇ. ಬಾಗಿಲು ತೆರೆಯುವ ಅತ್ತೆಗೆ ಎಂಬತ್ತೊಂದು. ಕಾಲು ಸೋತಿವೆ, ಬಾಯಿ ಸೋತಿಲ್ಲ. "ಎಷ್ಟಮ್ಮ ಇವತ್ತು?" ಎಂದು ಕೇಳುತ್ತಾರೆ. ರಾಜ್ಯದಲ್ಲಿ ಅಂದು ಎಷ್ಟು ಕಳ್ಳತನವಾಯಿತು ಎಂದು ಆ ಪ್ರಶ್ನೆಯ ಅರ್ಥ. ಅಂಕಿಗಳು ದಿನಕ್ಕೊಮ್ಮೆ ಅಲ್ಲ, ತಿಂಗಳಿಗೊಮ್ಮೆ ಬರುವುದು ಎಂದು ಸಾವಿರ ಸಲ ಹೇಳಿಯಾಗಿದೆ. ಅತ್ತೆ ಒಪ್ಪುವುದಿಲ್ಲ. ಕಳ್ಳರೇನು ತಿಂಗಳ ಸಂಬಳಕ್ಕಿದ್ದಾರಾ ಎನ್ನುತ್ತಾರೆ. ಹಾಗಾಗಿ ಅವಳು ಪ್ರತಿ ಸಂಜೆ ಆ ದಿನ ಕಣ್ಣಿಗೆ ಬಿದ್ದ ಯಾವುದೋ ಒಂದು ಅಂಕಿಯನ್ನು ತಂದು ಕೊಡುತ್ತಾಳೆ, ಬೇರೆ ಸೊಸೆಯರು ಹೂವನ್ನೋ ಹಣ್ಣನ್ನೋ ತರುವ ಹಾಗೆ. ಕದ್ದ ಸೈಕಲ್ ನಲವತ್ತು, ಸಿಕ್ಕಿದ್ದು ಒಂಬತ್ತು. ಅಷ್ಟು ಸಿಕ್ಕರೆ ಅತ್ತೆ ರಾತ್ರಿ ಊಟದವರೆಗೂ ಅದನ್ನೇ ಅಗಿಯುತ್ತಾರೆ. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಇಬ್ಬರ ಮಾತನ್ನೂ ಕೇಳಿ ನಗುತ್ತಾನೆ, ಯಾರ ಪಕ್ಷವನ್ನೂ ವಹಿಸುವುದಿಲ್ಲ. ಮೂವತ್ತು ವರ್ಷದ ಸಂಸಾರ ಸುಖವಾಗಿ ಸಾಗಿರುವ ಗುಟ್ಟು ಅದೇ ಎಂದು ಅವನ ಅಂಬೋಣ.

ಇಂಥ ನೆಮ್ಮದಿಗೂ ಮೂರು ವರ್ಷಕ್ಕೊಮ್ಮೆ ಒಂದು ನಡುಕ ಬರುತ್ತಿತ್ತು. ಆ ಕೋಣೆ ನಡೆಯುವುದು ಕೇಂದ್ರ ಸರ್ಕಾರದ ಅನುದಾನದಿಂದ. ಮೂರು ವರ್ಷಕ್ಕೆಂದು ಕೊಡುತ್ತಾರೆ, ಮುಗಿದ ಮೇಲೆ ಮತ್ತೆ ಅರ್ಜಿ ಹಾಕಬೇಕು. ಸಿಕ್ಕರೆ ಮೂವರ ಕೆಲಸವೂ ಉಳಿಯುತ್ತದೆ, ಸಿಗದಿದ್ದರೆ ಕೋಣೆಗೆ ಬೀಗ. ಈ ಸಲದ ಅರ್ಜಿಗೆ ಹೊಸ ಶರತ್ತೊಂದು ಬಂತು. ಇನ್ನೂರರಲ್ಲಿ ನೂರ ತೊಂಬತ್ತು ಠಾಣೆಗಳಾದರೂ ಹನ್ನೆರಡು ತಿಂಗಳ ಎಲ್ಲ ಚೌಕಗಳನ್ನೂ ತುಂಬಿ ಕಳಿಸಿರಬೇಕು.

ಹತ್ತು ಠಾಣೆಗಳ ಆಸೆ ಮೊದಲೇ ಬಿಟ್ಟುಹೋಗಿತ್ತು. ಕೆಲವಕ್ಕೆ ನೆರೆ ನುಗ್ಗಿ ಕಡತಗಳು ಹಾಳಾಗಿದ್ದವು, ಇನ್ನು ಕೆಲವು ಠಾಣೆಗಳು ವರ್ಷದ ನಡುವೆ ಶುರುವಾಗಿದ್ದವು. ಉಳಿದ ನೂರ ತೊಂಬತ್ತರಲ್ಲಿ ನೂರ ಎಂಬತ್ತೊಂಬತ್ತು ಪೂರ್ತಿಯಾದವು. ಒಂದು ಉಳಿಯಿತು. ನದಿ ದಾಟುವ ಹಳೆಯ ಸೇತುವೆಯ ಪಕ್ಕದ ಸಣ್ಣ ಠಾಣೆ. ಮನೆಯೊಳಗಿನ ಹಿಂಸೆಯ ಸಾಲಿನಲ್ಲಿ ಅಲ್ಲಿಂದ ಮೊದಲ ನಾಲ್ಕು ತಿಂಗಳು ಸೊನ್ನೆ ಬಂದಿತ್ತು, ಕೊನೆಯ ನಾಲ್ಕು ತಿಂಗಳೂ ಸೊನ್ನೆ. ನಡುವಿನ ನಾಲ್ಕು ಚೌಕ ಖಾಲಿ.

ಆ ಠಾಣೆಯ ಲೆಕ್ಕ ಬರೆಯುವ ಹೆಡ್ ಕಾನ್‌ಸ್ಟೇಬಲ್ ಅವಳಿಗೆ ಒಂಬತ್ತು ವರ್ಷದ ಪರಿಚಯ, ದನಿಯಿಂದ ಮಾತ್ರ. ಒಮ್ಮೆಯೂ ತಡ ಮಾಡಿದವನಲ್ಲ. ಆ ನಾಲ್ಕು ತಿಂಗಳ ಬಗ್ಗೆ ಕೇಳಿದಾಗಲೆಲ್ಲ ಮುಂದಿನ ಸಲ ಹೇಳುತ್ತೇನೆ ಎಂದು ಜಾರಿಕೊಂಡಿದ್ದ. ಈಗ ಅರ್ಜಿಗೆ ಉಳಿದಿದ್ದುದು ಐದೇ ದಿನ. ಮತ್ತೆ ಫೋನು ಮಾಡಿದಳು. ಅವನು ದನಿ ತಗ್ಗಿಸಿ, "ಅಕ್ಕ, ಇದು ಫೋನಲ್ಲಿ ಹೇಳೋ ಮಾತಲ್ಲ. ಆಗೋದಾದ್ರೆ ಒಂದ್ಸಲ ಬಂದು ನೋಡಿ," ಎಂದ.

ನಿರ್ದೇಶಕರಿಗೆ ತಿಳಿಸಿದಳು. ಅವರು ಒಳ್ಳೆಯವರು. ಸೊನ್ನೆ ಹಾಕಿಬಿಡಿ ಎಂದು ಅವರ ಬಾಯಿಂದ ಬರಲಿಲ್ಲ. ಹಿಂದೆ ಮುಂದೆ ಸೇರಿ ಎಂಟು ತಿಂಗಳ ಸೊನ್ನೆ ಇದೆಯಲ್ಲ, ನಡುವಿನದೂ ಸೊನ್ನೆಯೇ ಇದ್ದೀತು ಎಂದು ಕಿಟಕಿಯ ಕಡೆ ನೋಡುತ್ತಾ ಹೇಳಿದರು. ಕಂಪ್ಯೂಟರ್ ಹುಡುಗಿ ಕಿವಿಯಿಂದ ಹಾಡು ತೆಗೆದು ಅವಳ ಮುಖ ನೋಡಿದಳು. ಆ ಹುಡುಗಿಗೆ ಮುಂದಿನ ತಿಂಗಳು ಮದುವೆ. ಬಾಡಿಗೆಗೆ ಮನೆಯನ್ನೂ ಹಿಡಿದಿದ್ದಳು, ಈ ಸಂಬಳವನ್ನೇ ನೆಚ್ಚಿಕೊಂಡು.  

ಮಾರನೆಯ ದಿನ ಬೆಳಗಿನ ಬಸ್ಸು ಹಿಡಿದಳು. ಎರಡೂವರೆ ಗಂಟೆಯ ದಾರಿ. ತೊಡೆಯ ಮೇಲೆ ಚೀಲ, ಚೀಲದಲ್ಲಿ ಆ ಠಾಣೆಯ ಹನ್ನೆರಡು ನಮೂನೆ. ಇಷ್ಟು ವರ್ಷ ಅಂಕಿಗಳು ತಾವೇ ನಡೆದು ಅವಳ ಬಳಿ ಬರುತ್ತಿದ್ದವು. ಅಂಕಿಯೊಂದನ್ನು ಹುಡುಕಿಕೊಂಡು ಅವಳು ಹೊರಟಿದ್ದು ಅದೇ ಮೊದಲು. ಕಿಟಕಿಯಾಚೆ ಊರುಗಳು ಸರಿದುಹೋದವು. ಪ್ರತಿ ಊರಿನ ಫಲಕ ಕಂಡಾಗಲೂ ಅಲ್ಲಿಯ ಠಾಣೆಯವರ ದನಿ ನೆನಪಾಗುತ್ತಿತ್ತು. ಇವರು ಗೊಣಗುವವರು, ಇವರು ಕೆಮ್ಮುವವರು, ಇಲ್ಲಿಯವರ ಫೋನಿನ ಹಿಂದೆ ಯಾವಾಗಲೂ ಕೋಳಿ ಕೂಗುತ್ತದೆ.

ಠಾಣೆ ಎರಡು ಕೋಣೆಯ ಕಟ್ಟಡ. ಹೊರಗೆ ಬೆಂಚು, ಒಳಗೆ ನೀರಿನ ಹೂಜಿ. ಹೆಡ್ ಕಾನ್‌ಸ್ಟೇಬಲ್ ನಲವತ್ತರ ತೆಳ್ಳಗಿನ ಮನುಷ್ಯ. ಅವಳು ಬಾಯಿ ತೆರೆಯುವವರೆಗೂ ಗುರುತು ಹಿಡಿಯಲಿಲ್ಲ, ತೆರೆದ ಕೂಡಲೇ ಎದ್ದು ನಿಂತ.

"ಅಯ್ಯೋ ಅಕ್ಕ, ನೀವಾ! ದನಿ ಕೇಳಿ ಆರಡಿ ಎತ್ತರ ಇದ್ದೀರಿ ಅಂದ್ಕೊಂಡಿದ್ದೆ."

"ಫೋನಲ್ಲಿ ನಿಂತ್ಕೊಂಡು ಮಾತಾಡ್ತೀನಿ, ಅದಕ್ಕೇ," ಎಂದಳು ಅವಳು.

ಚಹಾ ಬಂತು. ಚಹಾ ಮುಗಿಯುವವರೆಗೆ ಅವನು ಹವೆಯ ಬಗ್ಗೆ, ಬಸ್ಸಿನ ಬಗ್ಗೆ ಮಾತಾಡಿದ. ಆಮೇಲೆ ಮೇಜಿನ ಖಾನೆಯ ಬೀಗ ತೆರೆದು ಒಂದು ಶಾಲೆಯ ನೋಟುಪುಸ್ತಕವನ್ನು ಅವಳ ಮುಂದಿಟ್ಟ.

ವರ್ಷದ ಐದನೆಯ ತಿಂಗಳಲ್ಲಿ ಆ ಠಾಣೆಗೆ ಒಬ್ಬ ಮಹಿಳಾ ಪೇದೆ ಬಂದಳಂತೆ, ಆ ಠಾಣೆಯ ಇತಿಹಾಸದಲ್ಲೇ ಮೊದಲನೆಯವಳು. ಅವಳು ಬಂದ ವಾರದಲ್ಲೇ ಸುತ್ತಲಿನ ಹೆಂಗಸರು ಬರಲು ಶುರುಮಾಡಿದರು. ಬೆಂಚಿನ ಮೇಲೆ ಕೂರುವರು, ಅವಳೊಂದಿಗೆ ಮಾತಾಡುವರು. ದೂರು ಬರೆಯಲೇ ಎಂದರೆ ಬೇಡ ಎಂದು ಎದ್ದು ಹೋಗುವರು. ಯಾರೂ ಸಹಿ ಹಾಕಲಿಲ್ಲ. ಸಹಿ ಇಲ್ಲದ್ದನ್ನು ದೂರು ಎಂದು ಎಣಿಸುವಂತಿಲ್ಲ, ಅದು ನಿಯಮ. ಆದರೂ ಅವಳು ತನ್ನಷ್ಟಕ್ಕೆ ಈ ಪುಸ್ತಕದಲ್ಲಿ ಬರೆದಿಟ್ಟಳು. ನಾಲ್ಕು ತಿಂಗಳ ನಂತರ ಹೆರಿಗೆ ರಜೆಯ ಮೇಲೆ ಹೋದಳು. ಅಂದಿನಿಂದ ಒಬ್ಬರೂ ಬಂದಿಲ್ಲ.

ಸೊನ್ನೆಯಕ್ಕ ಪುಟ ತಿರುಗಿಸಿದಳು. ಹೆಸರುಗಳಿರಲಿಲ್ಲ. ದಿನಾಂಕ, ಅದರ ಮುಂದೆ ಒಂದೆರಡು ಸಾಲು. 'ಮಗು ಜೊತೆಗಿತ್ತು. ಅರ್ಧ ಗಂಟೆ ಕೂತರು. ಬರೆಸುವುದು ಬೇಡ ಅಂದರು.' 'ಕೈಗೆ ಬಟ್ಟೆ ಸುತ್ತಿದ್ದರು. ಬಾಗಿಲಿಗೆ ಸಿಕ್ಕಿತು ಅಂದರು.' 'ಏನೂ ಹೇಳಲಿಲ್ಲ. ಎರಡು ಲೋಟ ನೀರು ಕುಡಿದರು. ಹೋಗುವಾಗ ನಾಳೆ ನೀನು ಇರ್ತೀಯಾ ಅಂತ ಕೇಳಿದರು.' ಅಡಿಕೋಲು ತಂದಿರಲಿಲ್ಲ, ಬೆರಳನ್ನೇ ಸಾಲಿನ ಕೆಳಗಿಟ್ಟು ಎಣಿಸಿದಳು. ಹದಿನೇಳು.

ಹೆಡ್ ಕಾನ್‌ಸ್ಟೇಬಲ್ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದ.

"ಹದಿನೇಳು ಅಂತ ಬರೆಯೋಕೆ ನಿಯಮ ಬಿಡಲ್ಲ. ಸೊನ್ನೆ ಅಂತ ಬರೆಯೋಕೆ ಕೈ ಬರಲ್ಲ. ಬಂದವರನ್ನ ನಾನೇ ನೋಡಿದೀನಿ ಅಕ್ಕ, ಈ ಹೂಜಿಯಿಂದ ನಾನೇ ನೀರು ಕೊಟ್ಟಿದೀನಿ."

ಇಷ್ಟು ವರ್ಷ ಅವಳು ಖಾಲಿ ಚೌಕಗಳ ಹಿಂದೆ ಸೋಮಾರಿತನವನ್ನು ಕಂಡಿದ್ದಳು, ಮರೆವನ್ನು ಕಂಡಿದ್ದಳು, ಮುರಿದ ಕಾಲನ್ನು ಕಂಡಿದ್ದಳು. ಸುಳ್ಳು ಬರೆಯಲಾರದೆ ಒಬ್ಬ ಮನುಷ್ಯ ಖಾಲಿ ಬಿಟ್ಟಿದ್ದನ್ನು ಕಂಡಿರಲಿಲ್ಲ.

ಅವಳು ಅನುದಾನದ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ನೂರ ಎಂಬತ್ತೊಂಬತ್ತು, ನೂರ ತೊಂಬತ್ತು, ನಿರ್ದೇಶಕರು, ಹುಡುಗಿಯ ಮದುವೆ. ಅವನ ಮುಖ ಸಣ್ಣಗಾಯಿತು. ತನ್ನ ನಾಲ್ಕು ಚೌಕದ ಮೇಲೆ ಇಷ್ಟೆಲ್ಲ ನಿಂತಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಜೇಬಿನಿಂದ ಪೆನ್ನು ತೆಗೆದ. ನಮೂನೆಗಳನ್ನು ತನ್ನ ಕಡೆ ತಿರುಗಿಸಿಕೊಂಡ.

"ನಿಯಮದ ಪ್ರಕಾರ ಸೊನ್ನೆ ತಪ್ಪಲ್ಲ. ನೀವು ಬರಿ ಅಂದ್ರೆ ಬರೀತೀನಿ. ನಿಮ್ಮ ಮಾತಿನ ಮೇಲೆ ಸಹಿನೂ ಹಾಕ್ತೀನಿ."

ಪೆನ್ನಿನ ತುದಿ ಮೊದಲ ಚೌಕದ ಮೇಲೆ ನಿಂತಿತ್ತು. ಹೂಂ ಎಂದರೆ ಸಾಕಿತ್ತು. ನಿಯಮವೂ ಅವಳ ಕಡೆಗಿತ್ತು. ಸಂತೆ ಊರಿನ ಆ ಹನ್ನೆರಡು ಸೊನ್ನೆಗಳು ಅವಳ ಕಣ್ಣಿಗೆ ಕಟ್ಟಿದವು. ಅವೂ ಎಷ್ಟು ದುಂಡಗಿದ್ದವು. ರಜೆ ಮುಗಿಸಿ ಬರಬೇಕಾದ ಆ ಮಹಿಳಾ ಪೇದೆಯನ್ನು ಮೇಲಿನವರು ಇಲ್ಲಿಗೇ ಕಳಿಸುತ್ತಾರೋ ಬೇರೆಡೆಗೋ ಎಂದು ತೀರ್ಮಾನಿಸುವಾಗ ಅವರ ಮುಂದೆ ಇರುವುದು ಈ ಪುಟವೇ. ವರ್ಷವಿಡೀ ಸೊನ್ನೆ ಕಂಡರೆ ಈ ಬೆಂಚಿನ ಮೇಲೆ ಮತ್ತೆ ಯಾರೂ ಬಂದು ಕೂರುವುದಿಲ್ಲ.

"ಪೆನ್ನು ಮುಚ್ಚಿ," ಎಂದಳು. "ನೀವು ಬಿಟ್ಟಿದ್ದೇ ಸರಿ. ಹಾಗೇ ಇರ್ಲಿ."

ವಾಪಸಿನ ಬಸ್ಸಿನಲ್ಲಿ ಅವಳಿಗೆ ಹೆದರಿಕೆಯಾಗಬೇಕಿತ್ತು. ಅದರ ಬದಲು ಹಸಿವಾಯಿತು. ಬೆಳಗ್ಗೆ ಕಟ್ಟಿಕೊಂಡಿದ್ದ ಡಬ್ಬಿ ತೆಗೆದು, ಕುಲುಕುವ ಬಸ್ಸಿನಲ್ಲಿ ಒಂದು ಅಗುಳೂ ಚೆಲ್ಲದಂತೆ ಪೂರ್ತಿ ಉಂಡಳು.

ಆ ಸಂಜೆ ಗಂಡನಿಗೆ ಹೇಳಿದಳು. ಅವನು ಒಂದು ಗಾಜನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಕೇಳಿಸಿಕೊಂಡ. ಕೆಲಸ ಹೋದರೆ ಅಂಗಡಿಯಲ್ಲಿ ಕೂತು ಗಿರಾಕಿಗಳ ಕಣ್ಣು ಪರೀಕ್ಷೆಯ ಚೀಟಿ ಬರೆ, ಅಲ್ಲೂ ಅಂಕಿಗಳೇ ಇರುವುದು ಎಂದ. ಅತ್ತೆಗೆ ಅಂದಿನ ಅಂಕಿ ಹದಿನೇಳು ಎಂದಷ್ಟೇ ಹೇಳಿದಳು. ಏನು ಹದಿನೇಳು ಎಂದು ಅವರು ಕೇಳಿದ್ದಕ್ಕೆ, ಇನ್ನೂ ಗೊತ್ತಿಲ್ಲ ಅತ್ತೆ, ಅದಕ್ಕೆ ಚೌಕ ಸಿಕ್ಕಿಲ್ಲ ಎಂದಳು.

ಬೆಳಗ್ಗೆ ನಿರ್ದೇಶಕರ ಮುಂದೆ ಅವಳು ಎರಡು ಕಾಗದ ಇಟ್ಟಳು. ಒಂದರಲ್ಲಿ ಪೂರ್ತಿಯಾದ ಠಾಣೆಗಳ ಸಂಖ್ಯೆ ನೂರ ಎಂಬತ್ತೊಂಬತ್ತು ಎಂದಿತ್ತು. ಇನ್ನೊಂದರಲ್ಲಿ ಒಂದು ಪುಟದ ವಿವರಣೆ. ಆ ಚೌಕಗಳು ಏಕೆ ಖಾಲಿ, ಅವುಗಳ ಹಿಂದೆ ಹದಿನೇಳು ಮಂದಿ ಇದ್ದುದು ಹೇಗೆ, ಅವರು ಬರತೊಡಗುವ ಮೊದಲೂ ಬರುವುದು ನಿಂತ ಮೇಲೂ ಠಾಣೆಯಲ್ಲಿ ಮಹಿಳಾ ಪೇದೆ ಇರಲಿಲ್ಲ ಎಂಬುದು. ಎಲ್ಲೂ ಒಂದು ಭಾರವಾದ ಪದವಿರಲಿಲ್ಲ. ಹೆಸರು, ಊರು ಯಾವುದೂ ಹೊರಬೀಳದಂತೆ ಬರೆದಿದ್ದಳು.

ನಿರ್ದೇಶಕರು ಓದಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು.

"ಇದನ್ನ ಕಳಿಸಿದ್ರೆ ಏನಾಗಬಹುದು ಗೊತ್ತಲ್ಲಮ್ಮ?"

"ಗೊತ್ತು ಸಾರ್."

ಅವರು ಕಂಪ್ಯೂಟರ್ ಹುಡುಗಿಯ ಕಡೆ ತಿರುಗಿದರು. ಅವಳು ಅಷ್ಟರಲ್ಲಿ ಆ ಪುಟವನ್ನು ಅವರ ಹೆಗಲ ಮೇಲಿಂದ ಓದಿ ಮುಗಿಸಿದ್ದಳು. ನಾನೇ ಟೈಪ್ ಮಾಡ್ತೀನಿ ಕೊಡಿ ಎಂದಳು. ನಿರ್ದೇಶಕರು ಸಹಿ ಹಾಕಿದರು. ಅವರ ಸಹಿ ಎಂದಿಗಿಂತ ಸ್ವಲ್ಪ ದೊಡ್ಡದಾಗಿ ಬಿತ್ತು.

ಮೂರು ವಾರ ಏನೂ ಸುದ್ದಿಯಿಲ್ಲ. ಕೋಣೆಯಲ್ಲಿ ಕೆಲಸ ಎಂದಿನಂತೆ ನಡೆಯಿತು. ಹುಡುಗಿಯ ಮದುವೆಯೂ ಆಯಿತು. ಸೊನ್ನೆಯಕ್ಕ ಅವಳಿಗೆ ಒಂದು ಗೋಡೆ ಗಡಿಯಾರ ಕೊಟ್ಟಳು, ಅದರ ಹನ್ನೆರಡೂ ಅಂಕಿ ಸರಿಯಾಗಿವೆಯೇ ಎಂದು ಅಂಗಡಿಯಲ್ಲೇ ಎಣಿಸಿ ನೋಡಿ.

ಮದುವೆ ಮುಗಿಸಿ ಹುಡುಗಿ ಕೆಲಸಕ್ಕೆ ಮರಳಿದ ದಿನವೇ ಅನುದಾನದ ಕಚೇರಿಯಿಂದ ಒಬ್ಬ ಮಹಿಳಾ ಅಧಿಕಾರಿಯ ಫೋನು ಬಂತು. ನಿರ್ದೇಶಕರು ಮಾತು ಮೂವರಿಗೂ ಕೇಳಿಸುವಂತೆ ಗುಂಡಿ ಒತ್ತಿದರು. ಆಕೆಯ ದನಿ ಚುರುಕಾಗಿತ್ತು, ಅದರಲ್ಲಿ ಸಿಟ್ಟೂ ಇರಲಿಲ್ಲ, ಸಿಹಿಯೂ ಇರಲಿಲ್ಲ. ಖಾಲಿ ಚೌಕಗಳ ಬಗ್ಗೆ ಆಕೆ ಕೇಳಲೇ ಇಲ್ಲ. ಸೊನ್ನೆಗಳ ಬಗ್ಗೆ ಕೇಳಿದರು.

"ಮೊದಲ ನಾಲ್ಕು, ಕೊನೆಯ ನಾಲ್ಕು. ಆ ಎಂಟು ನಿಜವಾದ ಸೊನ್ನೆ ಅಂತ ನಿಮಗೆ ಹೇಗೆ ಗೊತ್ತು?"

ನಿರ್ದೇಶಕರು ಅವಳತ್ತ ನೋಡಿದರು. ಅವಳು ಫೋನಿನ ಹತ್ತಿರ ಬಾಗಿದಳು. "ಕೇಳಿದೀನಿ ಮೇಡಂ. ಪ್ರತಿ ತಿಂಗಳೂ ಫೋನ್ ಮಾಡಿ ಕೇಳಿದೀನಿ. ಯಾವತ್ತು ಕೇಳಿದೆ, ಏನಂದ್ರು, ಎಲ್ಲಾ ಪುಸ್ತಕದಲ್ಲಿದೆ."

"ಇನ್ನೂರು ಠಾಣೆಗೂ?"

"ಇನ್ನೂರಕ್ಕೂ."

ಆ ಕಡೆ ಪೆನ್ನು ಗೀಚುವ ಸದ್ದು ಕೇಳಿಸಿತು. ಆಮೇಲೆ ಆ ಪುಸ್ತಕದ ಕೆಲವು ಪುಟಗಳ ಪ್ರತಿ ಕಳಿಸಿ ಎಂದು ಹೇಳಿ ಆಕೆ ಫೋನಿಟ್ಟರು. ಹುಡುಗಿ ಹನ್ನೊಂದು ಪುಸ್ತಕಗಳನ್ನೂ ಕಪಾಟಿನಿಂದ ಇಳಿಸಿದಳು. ಧೂಳಿಗೆ ಮೂವರೂ ಸೀನಿದರು.

ಪತ್ರ ಬಂದದ್ದು ಇನ್ನೊಂದು ತಿಂಗಳಿಗೆ. ಕೇಳಿದ್ದು ಮೂರು ವರ್ಷ, ಕೊಟ್ಟಿದ್ದು ಒಂದು. ಶರತ್ತಿಗೆ ಒಂದು ಠಾಣೆ ಕಡಿಮೆ ಬಿದ್ದಿದೆ, ಆದ್ದರಿಂದ ಪೂರ್ತಿ ಅವಧಿಗೆ ಕೊಡಲಾಗದು ಎಂದಿತ್ತು. ಅದರ ಕೆಳಗೆ, ಆ ಒಂದು ವರ್ಷದಲ್ಲಿ ಇಪ್ಪತ್ತು ಠಾಣೆಗಳ ನಮೂನೆಯಲ್ಲಿ ಮೂವತ್ತೆರಡನೆಯ ಚೌಕವೊಂದನ್ನು ಸೇರಿಸಿ ಪರೀಕ್ಷಿಸಬೇಕು, ಫಲ ನೋಡಿ ಮುಂದಿನದು ಎಂದಿತ್ತು. ನಿರ್ದೇಶಕರು ಬರೀ ಒಂದು ವರ್ಷ ಕೊಟ್ಟರಲ್ಲ ಎಂದು ನಿಟ್ಟುಸಿರಿಟ್ಟರು. ಒಂದು ವರ್ಷ ಎಂದರೆ ಎರಡು ಸಾವಿರದ ನಾನೂರು ನಮೂನೆ ಸಾರ್ ಎಂದಳು ಅವಳು, ಯಾರೋ ತನಗೆ ಹೊಲ ಬರೆದುಕೊಟ್ಟ ಹಾಗೆ. ಸೇತುವೆ ಊರಿಗೆ ಹೋದ ಬಸ್ಸಿನ ಟಿಕೇಟು ಮಾತ್ರ ಇನ್ನೂ ಅವಳ ಚೀಲದಲ್ಲೇ ಇದೆ. ಅಂಕಿ ಹುಡುಕಿಕೊಂಡು ಹೋದ ಪ್ರಯಾಣವನ್ನು ಯಾವ ಖರ್ಚಿನ ಬಾಬ್ತಿನಲ್ಲಿ ತೋರಿಸಬೇಕೆಂದು ಯಾರಿಗೂ ಗೊತ್ತಾಗಲಿಲ್ಲ.

ಹೊಸ ಚೌಕಕ್ಕೆ ತಲೆಬರಹ ಬೇಕಿತ್ತು. ನಿರ್ದೇಶಕರು ಮೂರು ಉದ್ದನೆಯ ಹೆಸರುಗಳನ್ನು ಬರೆದು ಮೂರನ್ನೂ ಹೊಡೆದುಹಾಕಿದರು. ಕೊನೆಗೆ ಅವಳು ಹೇಳಿದ್ದೇ ಉಳಿಯಿತು: 'ಬಂದು ಕೂತು, ಬರೆಸದೆ ಹೋದವರು'.

ಹೊಸ ನಮೂನೆಯ ಮೊದಲ ತಿಂಗಳು. ಇಪ್ಪತ್ತರಲ್ಲಿ ಹತ್ತೊಂಬತ್ತು ಬಂದಿದ್ದವು, ಅವುಗಳಲ್ಲಿ ಆರು ಆ ಚೌಕವನ್ನು ಖಾಲಿ ಬಿಟ್ಟಿದ್ದವು. ಅವಳು ಆರು ಕೆಂಪು ಚುಕ್ಕೆ ಇಟ್ಟಳು. ಸೇತುವೆ ಪಕ್ಕದ ಠಾಣೆಯ ನಮೂನೆಯನ್ನು ಕೊನೆಗೆ ಉಳಿಸಿಕೊಂಡು ತೆರೆದಳು. ಮೂವತ್ತೆರಡನೆಯ ಚೌಕದಲ್ಲಿ ಹೆಡ್ ಕಾನ್‌ಸ್ಟೇಬಲ್‌ನ ಪರಿಚಿತ ಅಕ್ಷರದಲ್ಲಿ ಮೂರು ಎಂದಿತ್ತು. ಪುಟದ ಅಂಚಿನಲ್ಲಿ ಸಣ್ಣಗೆ, ರಜೆ ಮುಗಿಸಿ ಆಕೆ ಇಲ್ಲಿಗೇ ಬಂದಿದ್ದಾಳೆ ಎಂದು. ಅವಳು ಆ ಸಾಲಿನ ಕೆಳಗೆ ಅಡಿಕೋಲಿಟ್ಟು ಸುಮ್ಮನೆ ಕೂತಳು. ಸಾಲು ತಪ್ಪುವ ಭಯವೇನೂ ಇರಲಿಲ್ಲ.

ಸಂಜೆ ಅತ್ತೆ ಬಾಗಿಲು ತೆರೆದರು.

"ಎಷ್ಟಮ್ಮ ಇವತ್ತು?"

"ಮೂರು ಅತ್ತೆ."

"ಇಷ್ಟೇನಾ? ಕಳ್ಳರೆಲ್ಲ ಎಲ್ಲಿ ಹೋದ್ರು?"

"ಕಳ್ಳರಲ್ಲ. ಠಾಣೆಗೆ ಬಂದು, ಕೂತು ಮಾತಾಡಿ, ಏನೂ ಬರೆಸದೆ ಹೋದ ಹೆಂಗಸರು. ಅವರಿಗೂ ಒಂದು ಚೌಕ ಮಾಡಿದೀವಿ."

ಅತ್ತೆ ಗೋಡೆ ಹಿಡಿದುಕೊಂಡು ತಮ್ಮ ಕುರ್ಚಿಯವರೆಗೆ ನಡೆದರು. ನಿಧಾನವಾಗಿ ಕೂತರು. 

"ಹಾಗಾದ್ರೆ ನನ್ನನ್ನೂ ಸೇರಿಸ್ಕೋ," ಎಂದರು. "ಐವತ್ತು ವರ್ಷದಿಂದ ಈ ಮನೇಲಿ ಕೂತು ಮಾತಾಡ್ತಾ ಇದೀನಿ. ಒಬ್ಬರೂ ಬರ್ಕೊಂಡಿಲ್ಲ."

ಒಳಗಿನಿಂದ ಗಂಡನ ನಗು ಕೇಳಿಸಿತು. ಅವಳು ಚೀಲ ಇಳಿಸಿ, ಅತ್ತೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು.

"ಹೇಳಿ ಅತ್ತೆ," ಎಂದಳು.